ಚೀಲದಲ್ಲಿ ಎರಡು ಕಲ್ಲು

ಮೊನ್ನೆ ನಮ್ಮ ಚರ್ಚಲ್ಲಿ ಯೂತ್ ಗ್ರೂಪಿನ ಮಕ್ಕಳು ಒಂದು ಕಾರ್ಯಕ್ರಮ ಇಟ್ಟಿದ್ರು, ಸತ್ಯವೇದ (ಬೈಬಲ್) ಮತ್ತು ವ್ಯಾಪಾರ ಅಂತ. ನಂಗೂ ಹತ್ತು ನಿಮಿಷ ಮಾತಾಡ್ಲಿಕ್ಕೆ ಹೇಳಿದ್ರು. ನಂಗಿಂತ ಮುಂಚೆ ಮಾತಾಡಿದವ್ರು ಚೆನ್ನಾಗಿ ಓದಿಕೊಂಡವ್ರು, ದಾವೀದ ಗೊಲ್ಯಾತನ ಕತೆ ತಗೊಂಡು ಸಣ್ಣ ಕಂಪೆನಿ ದೊಡ್ಡದನ್ನ ಹೇಗೆ ಎದುರಿಸ್ಬಹುದು ಅಂತ ಹೇಳಿದ್ರು, ಆಮೇಲೆ ನೆಹೆಮೀಯ ಯೆರೂಸಲೇಮಿನ ಗೋಡೆಯನ್ನ 52 ದಿನದಲ್ಲಿ ಕಟ್ಟಿಸಿ ಮುಗಿಸಿದ್ದನ್ನ ತಗೊಂಡು ಪ್ಲಾನಿಂಗು ಟೀಮ್‌ವರ್ಕು ಅಂತೆಲ್ಲ ಸ್ಲೈಡ್ ತೋರ್ಸಿದ್ರು. ಮಕ್ಕಳು ಫೋಟೋ ತೆಗೀತಿದ್ರು. ನಾನು ಕೂತ್ಕೊಂಡು ಯೋಚಿಸ್ತಿದ್ದದ್ದು ಒಂದೇ, ಆ 52 ದಿನದ ಕತೆ ಮಧ್ಯದಲ್ಲೇ ನೆಹೆಮೀಯನ ಪುಸ್ತಕದ ಐದನೇ ಅಧ್ಯಾಯ ಅಂತ ಒಂದು ಬರ್ತದಲ್ಲ, ಗೋಡೆ ಕಟ್ಟುವ ಕಾಲದಲ್ಲೇ ಜನ ಬಂದು ನಮ್ಮ ಹೊಲ ಅಡವಿಟ್ಟಾಯ್ತು ನಮ್ಮ ಮಕ್ಕಳನ್ನೇ ಜೀತಕ್ಕೆ ಬಿಟ್ಟಾಯ್ತು ಅಂತ ಬೊಬ್ಬೆ ಹೊಡೀತಾರೆ, ನೆಹೆಮೀಯ ಸಾಲ ಕೊಟ್ಟವ್ರನ್ನೆಲ್ಲ ನಿಲ್ಲಿಸಿ ಬಡ್ಡಿ ವಾಪಸ್ ಕೊಡಿ ಹೊಲ ವಾಪಸ್ ಕೊಡಿ ಅಂತಾನೆ. ಆ ಅಧ್ಯಾಯ ಸ್ಲೈಡಲ್ಲಿ ಬರ್ಲೇ ಇಲ್ಲ. ಬಂದಿದ್ರೆ ಒಳ್ಳೇದಿತ್ತು.

ನನ್ನ ಹತ್ತು ನಿಮಿಷದಲ್ಲಿ ಸರಿಯಾಗಿ ಹೇಳ್ಲಿಕ್ಕಾಗ್ಲಿಲ್ಲ, ಅದಕ್ಕೆ ಇಲ್ಲಿ ಬರೀತಿದ್ದೇನೆ.

ಗೊತ್ತಿಲ್ಲದವ್ರಿಗೆ, ನಂದು ಹಳೆ ಹಂಚಿನ ವ್ಯಾಪಾರ. ಹಳೆ ಮನೆ ಕೆಡವುವಾಗ ನಾವು ಹೋಗಿ ಮಾಡಿನ (ಚಾವಣಿಯ) ಹಂಚು, ಅದನ್ನ ಹೊರುವ ಮರದ ಪಕ್ಕಾಸು, ರೀಪು, ಹಲಸಿನ ಬಾಗ್ಲು ದಾರಂದ ಎಲ್ಲ ಬಿಚ್ಚಿ ತರೋದು, ತೊಳೆದು ವಿಂಗಡಿಸಿ ಮಾರೋದು. ಹದಿನೇಳು ವರ್ಷ ಆಯ್ತು. ಗುರುಪುರ ಹೊಳೆ ಕಡೆ ಒಂದು ಯಾರ್ಡ್ ಉಂಟು, ಆರು ಜನ ಕೆಲಸದವ್ರು, ಸೀಸನ್ನಲ್ಲಿ ಹತ್ತು ಹನ್ನೆರಡು. ಮೊದ್ಲು ಹಳೆ ಹಂಚು ಅಂದ್ರೆ ಬಡವ್ರು ದನದ ಕೊಟ್ಟಿಗೆಗೆ ತಗೊಳ್ಳೋದು, ಈಗ ರೆಸಾರ್ಟ್‌ನವ್ರು, ಆರ್ಕಿಟೆಕ್ಟ್‌ಗಳು, ಬೆಂಗಳೂರಲ್ಲಿ ಮನೆ ಕಟ್ಟುವವ್ರು ಎಲ್ಲ ಕೇಳ್ತಾರೆ. ನೂರು ಚದರ ಅಡಿಗೆ ಹತ್ತಿರ ಹತ್ತಿರ 140-150 ಹಂಚು ಬೇಕು, ಒಂದೊಂದೂ ಎರಡು ಎರಡೂವರೆ ಕೆಜಿ ತೂಗ್ತದೆ, ಹಾಗಾಗಿ ಎತ್ತೋದು ಇಳಿಸೋದು ಅಂದ್ರೆ ಬೆನ್ನಿನ ಕೆಲಸ.

ನಮ್ಮ ಮನೆಗೂ ಹಂಚಿಗೂ ಸಂಬಂಧ ಹಳೇದು. ಅಜ್ಜ ಹೊಳೆ ಬದಿಯ ಒಂದು ಹಂಚಿನ ಫ್ಯಾಕ್ಟರಿಲಿ ಮಣ್ಣು ಹದ ಮಾಡುವ ಕೆಲಸದಲ್ಲಿದ್ರು. ಮಂಗಳೂರಿನವ್ರಿಗೆ ಇದು ಗೊತ್ತಿರ್ತದೆ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವ್ರು 1834ರಲ್ಲಿ ಇಲ್ಲಿಗೆ ಬಂದ್ರು, ಆಮೇಲೆ ಕ್ರೈಸ್ತರಾದ ಜನರಿಗೆ ಜಾತಿಯಿಂದಲೂ ಮನೆಯಿಂದಲೂ ಹೊರಗೆ ಹಾಕಿದ್ರಿಂದ ಹೊಟ್ಟೆಪಾಡಿಗೆ ಗತಿ ಇಲ್ಲದ ಹಾಗಾಯ್ತು, ಅವರಿಗೆ ಕೆಲಸ ಕೊಡ್ಬೇಕಲ್ಲ ಅಂತ ಬೇರೆ ಬೇರೆ ಪ್ರಯತ್ನ ಮಾಡಿದ್ರು. 1841ರಲ್ಲಿ ಪ್ರೆಸ್ ಬಂತು, ಬಲ್ಮಠದಲ್ಲಿ ನೇಯ್ಗೆ ಶುರುವಾಯ್ತು, ಆಮೇಲೆ ಪ್ಲೆಬ್ಸ್ಟ್ ಅನ್ನುವ ಮಿಷನರಿ ನೇತ್ರಾವತಿ ದಡದ ಮಣ್ಣು ನೋಡಿ 1865ರಲ್ಲಿ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ರು. ಮೂರು ವರ್ಷದಲ್ಲಿ, 1868ರಲ್ಲಿ, ಅಲ್ಬುಕರ್ಕ್‌ನವ್ರ ಕಾರ್ಖಾನೆಯೂ ಬಂತು, ಆಮೇಲೆ ಸಾಲು ಸಾಲು ಚಿಮಣಿ ಎದ್ದವು. ಮಿಷನ್ ಒಳಗೇ ಆಗ ಜಗಳ ಇತ್ತಂತೆ, ಸುವಾರ್ತೆ ಸಾರ್ಲಿಕ್ಕೆ ಬಂದವ್ರು ವ್ಯಾಪಾರ ಮಾಡ್ಬಹುದಾ ಅಂತ. ನಂಗೆ ಆ ಜಗಳ ಇವತ್ತಿಗೂ ಮುಗಿದಿಲ್ಲ ಅನ್ನಿಸ್ತದೆ. ಮುಗಿಯೋದು ಬೇಡ ಕೂಡ. ವ್ಯಾಪಾರ ಮಾಡುವ ಕ್ರೈಸ್ತನ ತಲೆಯಲ್ಲಿ ಆ ಪ್ರಶ್ನೆ ಕುಟ್ಟುತ್ತಾ ಇರ್ಬೇಕು.

ಈ ಇಸವಿ ವಿಷಯದಿಂದಲೇ ಶುರು ಮಾಡ್ತೇನೆ. ಹಂಚಿನ ಹಿಂದೆ ಕಂಪೆನಿ ಹೆಸ್ರು, ಊರು, ಜೊತೆಗೆ 1865 ಅಥವಾ 1868 ಅಂತ ಅಚ್ಚು ಇರ್ತದೆ. ಅದು ಕಾರ್ಖಾನೆ ಶುರುವಾದ ವರ್ಷ, ಆ ಹಂಚು ಸುಟ್ಟ ವರ್ಷ ಅಲ್ಲ. 1950ರಲ್ಲಿ ಸುಟ್ಟ ಹಂಚಿನ ಮೇಲೂ 1868 ಅಂತಲೇ ಇರ್ತದೆ. ಗಿರಾಕಿಗೆ ಇದು ಗೊತ್ತಿರೋದಿಲ್ಲ, ಕೈಯಲ್ಲಿ ತಿರುಗಿಸಿ ನೋಡಿ ಅಯ್ಯೋ ನೂರೈವತ್ತು ವರ್ಷ ಹಳೇದಾ ಅಂತ ಕಣ್ಣರಳಿಸ್ತಾರೆ. ನಾವು ಏನೂ ಸುಳ್ಳು ಹೇಳ್ಬೇಕಂತ ಇಲ್ಲ, ಬರೀ ಸುಮ್ಮನಿದ್ರೆ ಸಾಕು, ಹಂಚಿಗೆ ಎರಡು ಮೂರು ರೂಪಾಯಿ ಹೆಚ್ಚು ಬರ್ತದೆ. ನಾನು ಎಷ್ಟೋ ವರ್ಷ ಸುಮ್ಮನಿದ್ದೆ. ಈಗ ಹೇಳ್ತೇನೆ, ಅದು ಕಾರ್ಖಾನೆಯ ವರ್ಷ, ನಿಮ್ಮ ಹಂಚಿಗೆ ಎಪ್ಪತ್ತು ಇರ್ಬಹುದು ಎಂಬತ್ತು ಇರ್ಬಹುದು, ಬಡಿದು ನೋಡಿ, ಟಣ್ ಅಂದ್ರೆ ಇನ್ನೂ ಎಂಬತ್ತು ವರ್ಷ ಬರ್ತದೆ ಅಂತ. ಕೆಲವ್ರು ಅಷ್ಟು ಕೇಳಿ ಬೇರೆ ಕಡೆ ಹೋಗ್ತಾರೆ, ಅಲ್ಲಿ 1865 ಅಂತಲೇ ಮಾರ್ತಾರೆ.

ನನ್ನನ್ನ ಬದ್ಲಾಯಿಸಿದ್ದು ಸತ್ಯವೇದದ ಒಂದು ವಚನ. ಧರ್ಮೋಪದೇಶಕಾಂಡ 25ನೇ ಅಧ್ಯಾಯದಲ್ಲಿ ಬರ್ತದೆ, ನಿನ್ನ ಚೀಲದಲ್ಲಿ ದೊಡ್ಡದೊಂದು ಸಣ್ಣದೊಂದು ಅಂತ ಎರಡು ತೂಕದ ಕಲ್ಲು ಇರ್ಬಾರ್ದು, ಮನೆಯಲ್ಲಿ ಎರಡು ಅಳತೆ ಇರ್ಬಾರ್ದು ಅಂತ. ಸಂಡೇ ಸ್ಕೂಲಲ್ಲಿ ಕಲ್ತದ್ದೇ. ಆದ್ರೆ ಒಂದು ಸಲ ಬೆಳಿಗ್ಗೆ ಮನೆ ಪ್ರಾರ್ಥನೆಲಿ ಹೆಂಡತಿ ಅದನ್ನ ಓದುವಾಗ ನಂಗೆ ಒಮ್ಮೆಲೆ ಹೊಳೀತು, ನನ್ನ ಹತ್ರ ಎರಡು ಕಲ್ಲುಂಟು. ಹೇಗೆ ಅಂದ್ರೆ, ಹಂಚು ಅಂದ್ರೆ ಒಡಕು ಇದ್ದೇ ಇರ್ತದೆ, ಲೆಕ್ಕದಲ್ಲಿ ಒಡಕು ಅಂತ ಕಳೀಬೇಕು. ನಾನು ಮನೆಯವ್ರಿಂದ ತಗೊಳ್ಳುವಾಗ ನೂರಕ್ಕೆ ಹದಿನೈದು ಒಡಕು ಕಳೀತಿದ್ದೆ. ಗಿರಾಕಿಗೆ ಮಾರುವಾಗ ನೂರಕ್ಕೆ ಐದು ಮಾತ್ರ ಒಡಕು ಲೆಕ್ಕ ಕೊಡ್ತಿದ್ದೆ. ಟ್ರೇಡಲ್ಲಿ ಹೆಚ್ಚಿನವ್ರು ಹಾಗೇ ಮಾಡೋದು, ನಂಗೆ ಕಲಿಸಿದವ್ರೂ ಹಾಗೇ ಕಲಿಸಿದ್ದು, ಅದನ್ನ ಯಾರೂ ಕಳ್ಳತನ ಅಂತ ಕರೀತಿರ್ಲಿಲ್ಲ, ಮಾರ್ಜಿನ್ ಅಂತ ಕರೀತಿದ್ರು. ತಗೊಳ್ಳುವಾಗ ಒಂದು ಕಲ್ಲು, ಕೊಡುವಾಗ ಒಂದು ಕಲ್ಲು. ಚೀಲ ಮಾತ್ರ ಒಂದೇ.

ಅವತ್ತು ಯಾರ್ಡಿಗೆ ಹೋಗಿ ಹಳೆ ಡೈರಿ ತೆಗೆದು ಕೂತೆ. ಆಗಷ್ಟೇ ಎರಡು ತಿಂಗಳ ಮುಂಚೆ ಒಬ್ಬ ವಯಸ್ಸಾದ ಅಮ್ಮನ ಮನೆ ಬಿಚ್ಚಿದ್ವಿ, ಗಂಡ ತೀರಿಹೋಗಿದ್ರು, ಮಕ್ಕಳು ಗಲ್ಫಲ್ಲಿ, ಹಳೆ ಮನೆ ಬಿದ್ದುಹೋಗ್ತದೆ ಅಂತ ಹಿಂದೆ ಎರಡು ರೂಮಿನ ತಾರಸಿ ಕಟ್ಟಿಸ್ಕೊಂಡಿದ್ರು. ಅವರ ಮಾಡಿನಿಂದ 4,200 ಹಂಚು ಇಳಿಸಿದ್ದು. ಹದಿನೈದು ಪರ್ಸೆಂಟ್ ಅಂತ 630 ಕಳೆದು ದುಡ್ಡು ಕೊಟ್ಟಿದ್ದೆ. ನನ್ನ ಯಾರ್ಡಿನ ಪುಸ್ತಕದಲ್ಲಿ ನಿಜವಾದ ಒಡಕು ಬರೆದದ್ದು 190. ಅಂದ್ರೆ 440 ಹಂಚು, ಎಂಟು ರೂಪಾಯಿ ಪ್ರಕಾರ 3,520 ರೂಪಾಯಿ ಆ ಅಮ್ಮನದ್ದು ನನ್ನ ಹತ್ರ ಉಂಟು. ಎರಡೂ ನನ್ನದೇ ಕೈಬರಹ, ಒಂದೇ ಪೆನ್ನು.

ಜಕ್ಕಾಯನ ಕತೆ ಎಲ್ರಿಗೂ ಗೊತ್ತು, ಗಿಡ್ಡ ಮನುಷ್ಯ, ಸುಂಕದವ್ರ ಮುಖ್ಯಸ್ಥ, ಯೇಸುವನ್ನ ನೋಡ್ಲಿಕ್ಕೆ ಮರ ಹತ್ತಿದ. ಮಕ್ಕಳಿಗೆ ಮರ ಹತ್ತಿದ್ದನ್ನೇ ಹೇಳ್ತೇವೆ, ಆಕ್ಷನ್ ಸಾಂಗ್ ಮಾಡಿಸ್ತೇವೆ, ಆದ್ರೆ ಆ ಕತೆಯ ತಿರುಳು ಅವ ಮರದಿಂದ ಇಳಿದ ಮೇಲೆ ಉಂಟು. ಅರ್ಧ ಆಸ್ತಿ ಬಡವ್ರಿಗೆ, ಯಾರಿಂದಾದ್ರೂ ಅನ್ಯಾಯವಾಗಿ ತಗೊಂಡಿದ್ರೆ ನಾಲ್ಕರಷ್ಟು ವಾಪಸ್ ಅಂತ ಎದ್ದು ನಿಂತು ಹೇಳ್ತಾನೆ. ನಾಲ್ಕರಷ್ಟು ಅನ್ನೋದು ಅವನ ಬಾಯಿಗೆ ಬಂದ ಲೆಕ್ಕ ಅಲ್ಲ, ವಿಮೋಚನಕಾಂಡದಲ್ಲಿ ಕುರಿ ಕದ್ದವ ಒಂದಕ್ಕೆ ನಾಲ್ಕು ಕೊಡ್ಬೇಕು ಅಂತ ಕಾನೂನು ಉಂಟು, ಅಂದ್ರೆ ಜಕ್ಕಾಯ ತನ್ನ ವಸೂಲಿಯನ್ನ ಕಳ್ಳತನ ಅಂತ ಹೆಸರಿಟ್ಟು ಕರೆದ. ನಾಲ್ಕರಷ್ಟು ಅಂದ್ರೆ ನಂಗೆ 14,080 ರೂಪಾಯಿ ಆಗ್ತಿತ್ತು. ಅಷ್ಟು ಧೈರ್ಯ ಬರ್ಲಿಲ್ಲ ಅಂತ ಇಲ್ಲಿ ಒಪ್ಪಿಕೊಳ್ತೇನೆ. ಎರಡರಷ್ಟು, 7,040 ರೂಪಾಯಿ, ಕವರಲ್ಲಿ ಹಾಕಿ ಹೋದೆ.

ಅಮ್ಮ ಚಾವಡಿಲಿ ಕೂತು ಅಡಿಕೆ ಸುಲೀತಿದ್ರು. ಲೆಕ್ಕ ತಪ್ಪಾಗಿತ್ತು ಅಂತ ಹೇಳ್ಲಿಕ್ಕೆ ಹೋದೆ, ನಾಲಗೆ ಮೇಲೆ ಬಂದಿತ್ತು ಆ ಮಾತು, ಆದ್ರೆ ಅದೂ ಸುಳ್ಳೇ ಅಲ್ವಾ, ಲೆಕ್ಕ ತಪ್ಪಿರ್ಲಿಲ್ಲ, ಬೇಕಂತಲೇ ಹಾಗೆ ಮಾಡಿದ್ದು. ಕಡೆಗೆ ಹೇಳಿದೆ, ಅಮ್ಮ ನಾನು ನಿಮಗೆ ಕಡಿಮೆ ಕೊಟ್ಟಿದ್ದೆ, ಗೊತ್ತಿದ್ದೇ ಕಡಿಮೆ ಕೊಟ್ಟಿದ್ದೆ ಅಂತ. ಅವ್ರು ಕವರ್ ತಗೊಂಡು ಬಿಚ್ಚಿ ಕೂಡ ನೋಡ್ಲಿಲ್ಲ, ಪಕ್ಕದಲ್ಲಿಟ್ರು. ಸ್ವಲ್ಪ ಹೊತ್ತು ಸುಲೀತಾ ಇದ್ದು ಆಮೇಲೆ ಕೇಳಿದ್ರು, ಅಡುಗೆಮನೆ ಮೇಲೆ ಒಂದು ಗಾಜಿನ ಹಂಚಿತ್ತಲ್ಲ, ಅದು ಉಂಟಾ ಮಾರಿದ್ರಾ ಅಂತ. ಗಂಡ ಇರುವಾಗ ಒಲೆ ಹತ್ರ ಬೆಳಕು ಸಾಲೋದಿಲ್ಲ ಅಂತ ಪೇಟೆಯಿಂದ ಎರಡು ಗಾಜಿನ ಹಂಚು ತಂದದ್ದಂತೆ, ಒಂದು ಬಸ್ಸಲ್ಲೇ ಒಡೆದು ಹೋಯ್ತಂತೆ, ಇನ್ನೊಂದನ್ನ ಅವರೇ ಏಣಿ ಇಟ್ಟು ಹಾಕಿದ್ದಂತೆ. ಬೆಳಿಗ್ಗೆ ಹತ್ತು ಗಂಟೆಗೆ ಅದ್ರ ಬಿಸಿಲು ಸರಿಯಾಗಿ ಕಡೆಯುವ ಕಲ್ಲಿನ ಮೇಲೆ ಬೀಳ್ತಿತ್ತು, ಅದನ್ನ ನೋಡಿಯೇ ಅನ್ನಕ್ಕೆ ಇಡೋದು ಅಂತ ಹೇಳಿದ್ರು. ನಾನು ಯಾರ್ಡಿಗೆ ಬಂದು ಗಾಜಿನ ಹಂಚಿನ ಸ್ಟಾಕ್ ಎಲ್ಲ ಹುಡುಕಿದೆ, ಹನ್ನೊಂದು ಇತ್ತು, ಒಂದ್ರಲ್ಲಿ ಮೂಲೆಯಲ್ಲಿ ಹೊಗೆಯ ಹಳದಿ ಕಲೆ ಕೂತಿತ್ತು, ಅದೇ ಇರ್ಬೇಕು ಅಂತ ತಗೊಂಡು ಹೋಗಿ ತೋರಿಸಿದೆ. ಅವ್ರು ಬೆರಳಲ್ಲಿ ಆ ಕಲೆ ಉಜ್ಜಿ ನೋಡಿ, ಇದೇ ಅಂದ್ರು. ಈಗ ಅದು ಅವರ ತಾರಸಿ ಮನೆಯ ಕಿಟಕಿಯ ಕಟ್ಟೆ ಮೇಲೆ ಒರಗಿಸಿಟ್ಟಿದೆ.

ಆ ದಿನದಿಂದ ಯಾರ್ಡಲ್ಲಿ ಒಂದೇ ಒಡಕು ಲೆಕ್ಕ. ಇಳಿಸುವಾಗ ಮನೆಯವ್ರ ಎದುರಲ್ಲೇ ಬಡಿದು ಎಣಿಸೋದು, ಟಣ್ ಅಂದದ್ದು ಒಂದು ಕಡೆ, ಮಂದವಾಗಿ ಸದ್ದು ಬಂದದ್ದು ಇನ್ನೊಂದು ಕಡೆ, ಎಷ್ಟು ಒಡೆದಿದೆಯೋ ಅಷ್ಟೇ ಕಳೆಯೋದು. ಟೈಮ್ ಹಿಡೀತದೆ. ಎರಡು ದಿನದ ಕೆಲಸ ಎರಡೂವರೆ ಆಗ್ತದೆ. ಲಾಭ ಕಡಿಮೆ ಆಗಿದೆ, ಅದನ್ನ ಮುಚ್ಚಿಡೋದಿಲ್ಲ. ಕೆಲವು ಕಡೆ ಹೇಳ್ತಾರಲ್ಲ, ಪ್ರಾಮಾಣಿಕವಾಗಿದ್ರೆ ದೇವ್ರು ನೂರು ಪಟ್ಟು ಕೊಡ್ತಾನೆ, ದಶಮಾಂಶ ಕೊಟ್ರೆ ಬಿಸ್ನೆಸ್ ಡಬಲ್ ಆಗ್ತದೆ ಅಂತ, ಆ ಬೋಧನೆ ನಂಗೆ ಆಗೋದಿಲ್ಲ. ಅದು ದೇವರ ಜೊತೆ ಫಿಕ್ಸೆಡ್ ಡೆಪಾಸಿಟ್ ಇಟ್ಟ ಹಾಗೆ. ಮೋಸದ ತಕ್ಕಡಿ ಯೆಹೋವನಿಗೆ ಅಸಹ್ಯ ಅಂತ ಜ್ಞಾನೋಕ್ತಿಲಿ ಬರೆದಿದೆ, ನಷ್ಟ ಆದ್ರೂ ಅಸಹ್ಯವೇ.

ಇನ್ನು ಕೂಲಿ ವಿಷಯ. ಇದ್ರ ಬಗ್ಗೆ ನಂಗೆ ಹೇಳ್ಲಿಕ್ಕೆ ಜಾಸ್ತಿ ಉಂಟು.

ನಮ್ಮ ಕಡೆ ಕಟ್ಟಡದ ಕೆಲಸ, ಬಿಚ್ಚುವ ಕೆಲಸ ಹೆಚ್ಚಾಗಿ ಮಾಡೋದು ಘಟ್ಟದ ಮೇಲಿನವ್ರು, ಬಾಗಲಕೋಟೆ, ಕೊಪ್ಪಳ, ರಾಯಚೂರು, ಗದಗ ಕಡೆಯವ್ರು. ಬೆಳಿಗ್ಗೆ ಏಳು ಗಂಟೆಗೆ ಜಂಕ್ಷನ್ನಲ್ಲಿ ಬುತ್ತಿ ಚೀಲ ಹಿಡ್ಕೊಂಡು ನಿಂತಿರ್ತಾರೆ, ಗಾಡಿ ನಿಲ್ಲಿಸಿದ ಕೂಡ್ಲೆ ಓಡಿ ಬರ್ತಾರೆ. ಹತ್ತು ಗಂಟೆವರೆಗೆ ಯಾರೂ ಕರೀದಿದ್ರೆ ಅವತ್ತಿನ ಕೂಲಿ ಇಲ್ಲ. ಮತ್ತಾಯ 20ರಲ್ಲಿ ಯೇಸು ಹೇಳಿದ ದ್ರಾಕ್ಷೆ ತೋಟದ ಕತೆ ಓದಿದ್ರೆ ಇದೇ ಜಂಕ್ಷನ್ ಕಣ್ಣಿಗೆ ಬರ್ತದೆ, ಯಾಕೆ ಸುಮ್ಮನೆ ನಿಂತಿದ್ದೀರಿ ಅಂತ ಯಜಮಾನ ಕೇಳಿದ್ರೆ ನಮ್ಮನ್ನ ಯಾರೂ ಕೂಲಿಗೆ ಕರೀಲಿಲ್ಲ ಅಂತಾರೆ ಅವ್ರು. ಆ ಒಂದು ಉತ್ತರದಲ್ಲಿ ಎಷ್ಟು ಉಂಟು ಅಂತ ಒಮ್ಮೆ ಮಧ್ಯಾಹ್ನ ಆ ಜಂಕ್ಷನ್ನಲ್ಲಿ ಹೋಗಿ ನೋಡಿದವ್ರಿಗೆ ಗೊತ್ತಾಗ್ತದೆ.

ಮೊದ್ಲು ನಾನು ಶನಿವಾರ ಬಟವಾಡೆ ಮಾಡ್ತಿದ್ದೆ, ಅದೂ ಒಂದು ವಾರದ್ದು ಹಿಡ್ಕೊಂಡು. ಹಿಡ್ಕೊಳ್ಳದಿದ್ರೆ ಸೋಮವಾರ ಬೇರೆಯವ್ರ ಕೆಲಸಕ್ಕೆ ಹೋಗಿಬಿಡ್ತಾರೆ ಅಂತ ಎಲ್ರೂ ಮಾಡುವ ಉಪಾಯ. ಯಾಜಕಕಾಂಡ 19ರಲ್ಲಿ ಕೂಲಿಯವನ ಕೂಲಿ ಬೆಳಿಗ್ಗೆವರೆಗೆ ನಿನ್ನ ಹತ್ರ ಇರ್ಬಾರ್ದು ಅಂತ ಉಂಟು, ಧರ್ಮೋಪದೇಶಕಾಂಡದಲ್ಲಿ ಇನ್ನೂ ಬಿಡಿಸಿ ಹೇಳಿದೆ, ಸೂರ್ಯ ಮುಳುಗುವ ಮುಂಚೆ ಕೊಡು, ಅವ ಬಡವ, ಅದ್ರ ಮೇಲೇ ಮನಸ್ಸಿಟ್ಕೊಂಡಿರ್ತಾನೆ ಅಂತ. ಆ ಮಾತು ಬರೆದವ್ರು ಕೂಲಿಯವನ ಮುಖವನ್ನ ಸಂಜೆ ಐದು ಗಂಟೆಗೆ ನೋಡಿದ್ದಾರೆ ಅಂತ ನಂಗೆ ಖಂಡಿತ ಅನ್ನಿಸ್ತದೆ. ನಂಗೆ ಆ ವಾರ ಹಿಡ್ಕೊಂಡ ದುಡ್ಡು ಒಂದು ಪದ್ಧತಿ, ಅವನಿಗೆ ಅದು ಊರಲ್ಲಿ ಅಮ್ಮನ ಮಾತ್ರೆ.

ಈಗ ಪ್ರತಿ ದಿನ ಸಂಜೆ ಐದೂವರೆಗೆ ಕೊಡೋದು. ಆರು ಜನಕ್ಕೆ 900 ಅಂದ್ರೆ ದಿನಕ್ಕೆ 5,400 ರೂಪಾಯಿ. ಫೋನ್‌ಪೇ ಗೂಗಲ್‌ಪೇ ಇರೋದ್ರಿಂದ ಸುಲಭ, ಸರ್ವರ್ ಡೌನ್ ಇದ್ರೆ ಅಂತ ಡ್ರಾಯರಲ್ಲಿ ಕ್ಯಾಶ್ ಇಟ್ಟಿರ್ತೇನೆ. ಬಿಟ್ಟು ಹೋಗ್ತಾರಾ ಅಂದ್ರೆ, ಹೌದು, ಇಬ್ರು ಹೋದ್ರು. ಉಳಿದವ್ರು ಆರು ವರ್ಷದಿಂದ ಇದ್ದಾರೆ.

ಆದ್ರೆ ದಿನಾ ಕೊಡ್ಬೇಕಾದ್ರೆ ದಿನಾ ದುಡ್ಡಿರ್ಬೇಕಲ್ಲ. ನಂಗೆ ಬರ್ಬೇಕಾದ್ದು ದಿನಾ ಬರೋದಿಲ್ಲ, ದೊಡ್ಡ ಕಾಂಟ್ರ್ಯಾಕ್ಟರ್‌ಗಳು ಅರವತ್ತು ದಿನ ತೊಂಬತ್ತು ದಿನ ಅಂತಾರೆ, ಒಬ್ರ ಹತ್ರ ಎರಡು ಲಕ್ಷ ಚಿಲ್ಲರೆ ಒಂದೂವರೆ ವರ್ಷದಿಂದ ಕೂತಿದೆ, ಫೋನ್ ಮಾಡಿದ್ರೆ ಮುಂದಿನ ಬಿಲ್ ಪಾಸಾಗ್ಲಿ ಅಂತಾರೆ. ಹೆಸ್ರು ಬೇಡ. ಯಾಕೋಬ ಮಾವ ಲಾಬಾನನ ಮನೆಲಿ ದುಡಿದು ನನ್ನ ಕೂಲಿಯನ್ನ ಹತ್ತು ಸಲ ಬದಲಾಯಿಸಿದ ಅಂತ ಹೇಳ್ತಾನಲ್ಲ, ಆ ಸಂಕಟ ಏನು ಅಂತ ಅವ್ರ ಆಫೀಸಿನ ಹೊರಗೆ ಪ್ಲಾಸ್ಟಿಕ್ ಕುರ್ಚಿಲಿ ಕೂತಾಗ ಅರ್ಥ ಆಯ್ತು. ಇದಕ್ಕೆ ನಂಗೆ ದಾರಿ ತೋರಿಸಿದ್ದು ಯೋಸೇಫ. ಫರೋಹನ ಕನಸಿನ ಏಳು ಕೊಬ್ಬಿದ ಆಕಳು ಏಳು ಬಡಕಲು ಆಕಳು, ಅಂದ್ರೆ ಏಳು ಸುಭಿಕ್ಷದ ವರ್ಷ ಏಳು ಬರದ ವರ್ಷ, ಎಲ್ರಿಗೂ ನೆನಪಿರ್ತದೆ, ಆದ್ರೆ ಯೋಸೇಫ ಕೊಟ್ಟ ಲೆಕ್ಕ ನೋಡಿ, ಬೆಳೆ ಚೆನ್ನಾಗಿರುವ ವರ್ಷ ಐದರಲ್ಲಿ ಒಂದು ಪಾಲು ತೆಗೆದಿಡಿ ಅಂತ. ನಮ್ಮ ವ್ಯಾಪಾರಕ್ಕೆ ಸುಭಿಕ್ಷ ಅಂದ್ರೆ ಜನವರಿಯಿಂದ ಮೇ. ಪತ್ತನಾಜೆಗೆ (ಮಳೆಗಾಲದ ಮುಂಚೆ, ಮೇ ಕೊನೆಗೆ ಬರುವ ತುಳುನಾಡಿನ ದಿನ) ಮುಂಚೆ ಎಲ್ರಿಗೂ ಮಾಡು ಸರಿ ಆಗ್ಬೇಕು, ಹಂಚಿಗೆ ಆಗ ಭಾರೀ ಬೇಡಿಕೆ. ಜೂನ್ ಹಿಡೀತಾ ಎಲ್ಲ ನಿಂತುಹೋಗ್ತದೆ, ಜುಲೈ-ಆಗಸ್ಟಿನ ಆಟಿ ತಿಂಗಳು ಅಂದ್ರೆ ಹಿಂದಿನವ್ರಿಗೆ ಹೊಟ್ಟೆಗಿಲ್ಲದ ತಿಂಗಳು, ನಮಗೂ ಹಾಗೇ. ಅದಕ್ಕೆ ಸೀಸನ್ನಲ್ಲಿ ಬಂದ ಪ್ರತಿ ಪೇಮೆಂಟಲ್ಲಿ ಐದರಲ್ಲಿ ಒಂದು ಪಾಲು ಬೇರೆ ಅಕೌಂಟಿಗೆ ಹಾಕ್ತೇನೆ, ಅದು ನಂದಲ್ಲ, ಮಳೆಗಾಲದ ಕೂಲಿ. ಅದನ್ನ ಮುಟ್ಟೋದಿಲ್ಲ. ಮಗಳ ಕಾಲೇಜ್ ಫೀಸಿಗೆ ಒಮ್ಮೆ ಮುಟ್ಟಿದ್ದೆ, ಆ ವರ್ಷ ಆಟಿಯಲ್ಲಿ ಇಬ್ರನ್ನ ಊರಿಗೆ ಕಳಿಸ್ಬೇಕಾಯ್ತು, ಅದು ಇನ್ನೂ ಮನಸ್ಸಲ್ಲಿ ಕೊರೀತದೆ.

ದ್ರಾಕ್ಷೆ ತೋಟದ ಕತೆಯನ್ನ ಹಾಗೇ ಪಾಲಿಸ್ಲಿಕ್ಕೆ ಹೋಗಿ ಒಮ್ಮೆ ಸಿಕ್ಕಿಬಿದ್ದೆ. ಆ ಕತೆಲಿ ಬೆಳಿಗ್ಗೆ ಬಂದವನಿಗೂ ಸಂಜೆ ಒಂದು ತಾಸಿಗೆ ಬಂದವನಿಗೂ ಒಂದೇ ನಾಣ್ಯ. ನಾನೂ ಒಂದು ದಿನ ಮಧ್ಯಾಹ್ನ ಎರಡು ಗಂಟೆಗೆ ಸೇರಿದ ಇಬ್ರಿಗೆ ಪೂರ್ತಿ 900 ಕೊಟ್ಟೆ, ಕತೆಲಿ ಗುಣುಗುಟ್ಟಿದ ಹಾಗೇ ನಮ್ಮವ್ರೂ ಗುಣುಗುಟ್ಟಿದ್ರು, ಮರುದಿನ ಮೂವರು ಬೇಕಂತಲೇ ಲೇಟಾಗಿ ಬಂದ್ರು. ಚರ್ಚಿನ ಅಯ್ಯನವ್ರ ಹತ್ರ ಹೇಳಿದೆ. ಅವ್ರು ಹೇಳಿದ್ರು, ಅದು ಪರಲೋಕ ರಾಜ್ಯದ ಬಗ್ಗೆ ಹೇಳಿದ ಕತೆ, ಅದನ್ನ ಮಸ್ಟರ್ ರೋಲ್ ಮಾಡ್ಬೇಡ, ಆದ್ರೆ ಆ ಯಜಮಾನ ಜಂಕ್ಷನ್ನಿಗೆ ಐದು ಸಲ ಹೋದ ಅನ್ನೋದನ್ನ ನೋಡು ಅಂತ. ಹೌದಲ್ಲ, ಬೆಳಿಗ್ಗೆ, ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಐದಕ್ಕೆ. ಈಗ ನಾನು ಮಾಡೋದು ಇಷ್ಟು, ಮಳೆ ಬಂದು ಕೆಲಸ ನಿಂತ್ರೆ ಬಂದವ್ರಿಗೆಲ್ಲ ಪೂರ್ತಿ ಕೂಲಿ, ಮಳೆಗೆ ಅವ್ರು ಜವಾಬ್ದಾರರಲ್ಲ. ಲೇಟಾಗಿ ಸೇರಿದವ್ರಿಗೆ ಏನು ಮಾಡ್ಬೇಕು ಅಂತ ಇನ್ನೂ ಸರಿಯಾಗಿ ತೀರ್ಮಾನ ಆಗಿಲ್ಲ.

ಮಾಡಿನ ಮೇಲೆ ಕೆಲಸ ಮಾಡುವವ್ರಿಗೆ ಒಂದು ವಚನ ಉಂಟು ಅಂತ ತುಂಬ ಜನ್ರಿಗೆ ಗೊತ್ತಿಲ್ಲ. ಧರ್ಮೋಪದೇಶಕಾಂಡ 22ರಲ್ಲಿ, ಹೊಸ ಮನೆ ಕಟ್ಟಿದ್ರೆ ಮಾಳಿಗೆ ಸುತ್ತ ಗೋಡೆ ಕಟ್ಟು, ಯಾರಾದ್ರೂ ಅಲ್ಲಿಂದ ಬಿದ್ದು ಸತ್ರೆ ಆ ದೋಷ ನಿನ್ನ ಮನೆ ಮೇಲೆ ಬರ್ತದೆ ಅಂತ. ಏಳು ವರ್ಷದ ಹಿಂದೆ ನಮ್ಮ ಹುಡುಗನೊಬ್ಬ ಹನ್ನೆರಡು ಅಡಿಯಿಂದ ಬಿದ್ದ. ಪಕ್ಕಾಸು ಮೇಲಿಂದ ನೋಡ್ಲಿಕ್ಕೆ ಗಟ್ಟಿ ಇತ್ತು, ಒಳಗೆ ಗೆದ್ದಲು ತಿಂದು ಹುಡಿ ಆಗಿತ್ತು, ಕಾಲಿಟ್ಟ ಕೂಡ್ಲೆ ಮುರೀತು. ಮಣಿಕಟ್ಟು ಮುರಿದದ್ದು ಮಾತ್ರ, ತಲೆ ಕಲ್ಲಿಗೆ ಬಡೀಲಿಲ್ಲ, ಒಂದು ಗೇಣು ಆಚೆ ಅರೆಯುವ ಕಲ್ಲಿತ್ತು. ಅವ ಕೆಳಗೆ ಬಿದ್ದು ಮೊದ್ಲು ಹೇಳಿದ್ದು, ಸಾಹುಕಾರ್ರೆ ಹಂಚು ಒಡೆದುಹೋತ್ರಿ, ಅಂತ. ಆ ಮಾತು ನಂಗೆ ಇವತ್ತಿಗೂ ಹೊಟ್ಟೆ ಕಿವುಚ್ತದೆ. ಮೂರು ತಿಂಗಳು ಕೂಲಿ ಮನೆಗೆ ಕಳಿಸಿದೆ, ಆಸ್ಪತ್ರೆ ಬಿಲ್ ಕಟ್ಟಿದೆ, ಆದ್ರೆ ಅದೆಲ್ಲ ಬಿದ್ದ ಮೇಲಿನದ್ದು. ಗೋಡೆ ಕಟ್ಟು ಅಂತ ಹೇಳಿದ್ದು ಬೀಳುವ ಮುಂಚೆ. ಈಗ ಬೆಲ್ಟ್, ಹಗ್ಗ, ಹೆಲ್ಮೆಟ್ ಉಂಟು, ಮಾಡಿನ ಮೇಲೆ ಅಡ್ಡ ಹಲಗೆ ಹಾಕದೆ ಯಾರೂ ಹತ್ತೋದಿಲ್ಲ, ಹತ್ತುವ ಮುಂಚೆ ನಾನೇ ಒಳಗಿನಿಂದ ಪ್ರತಿ ಪಕ್ಕಾಸಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡ್ತೇನೆ.

ಬಾಕಿ ವಸೂಲಿ ಬಗ್ಗೆ ಒಂದು ಚಿಕ್ಕದು. ಒಬ್ಬ ಮೇಸ್ತ್ರಿ 22,000 ಕೊಡ್ಬೇಕಿತ್ತು, ಸಿಟ್ಟಲ್ಲಿ ಅವನ ಮನೆ ಒಳಗೇ ಹೋಗಿ ನಿಂತು ಕೇಳಿದೆ, ಮಕ್ಕಳು ಊಟ ಮಾಡ್ತಿದ್ರು. ಸಾಲಗಾರನ ಮನೆ ಒಳಗೆ ನುಗ್ಗಿ ಅಡವು ತಗೊಳ್ಬೇಡ, ಹೊರಗೆ ನಿಲ್ಲು, ಅವನೇ ತಂದು ಕೊಡ್ಲಿ ಅಂತ ಬರೆದದ್ದನ್ನ ನಾನು ಓದಿದ್ದು ಅದಾದ ಮೇಲೆ. ಹೊರಗೆ ನಿಲ್ಲು ಅನ್ನುವ ಎರಡು ಶಬ್ದ ಸಾಕು, ಈಗ ಯಾರ ಹೊಸ್ತಿಲೂ ದಾಟೋದಿಲ್ಲ.

ರೂತಳ ಕತೆ ಕಡೆಗೆ ಇಟ್ಟಿದ್ದೇನೆ, ನಂಗೆ ಅದು ಬಹಳ ಇಷ್ಟ. ಗಂಡನನ್ನ ಕಳ್ಕೊಂಡ ಪರದೇಶದ ಹೆಂಗಸು, ಅತ್ತೆ ನವೊಮಿಯ ಜೊತೆ ಬೇತ್ಲೆಹೇಮಿಗೆ ಬಂದು ಜವೆಗೋದಿ ಕೊಯ್ಲಿನ ಹಿಂದೆ ಹಕ್ಕಲಾಯ್ಲಿಕ್ಕೆ ಹೋಗ್ತಾಳೆ. ಹೊಲದ ಮೂಲೆ ತನಕ ಕೊಯ್ಬೇಡಿ, ಬಿದ್ದದ್ದನ್ನ ಹೆಕ್ಬೇಡಿ, ಅದು ಬಡವ್ರಿಗೂ ಪರದೇಶದವ್ರಿಗೂ ಅಂತ ಕಾನೂನಿತ್ತು. ಆ ಹೊಲದ ಯಜಮಾನ ಬೋವಜ ಕಾನೂನನ್ನ ಪಾಲಿಸಿ ಸುಮ್ಮನಾಗ್ಲಿಲ್ಲ, ಆಳುಗಳಿಗೆ ಹೇಳ್ತಾನೆ, ಸಿವುಡಿನಿಂದ ತೆನೆ ಎಳೆದು ಬೇಕಂತಲೇ ಬೀಳಿಸಿ, ಅವಳನ್ನ ಗದರಿಸ್ಬೇಡಿ ಅಂತ. ಕೊಟ್ಟದ್ದು ಅವಳಿಗೆ ಗೊತ್ತಾಗ್ಬಾರ್ದು, ಅವಳು ಹೆಕ್ಕಿದ್ದು ಅಂತಲೇ ಇರ್ಬೇಕು.

ಮಳೆಗಾಲದಲ್ಲಿ ತೆಂಗಿನಕಾಯಿ ಬಿದ್ದೋ ಮಂಗ ಹಾರಿಯೋ ನಾಲ್ಕು ಹಂಚು ಒಡೆದ್ರೆ ಬಡವ್ರ ಮನೆ ಒಳಗೆ ರಾತ್ರಿಯೆಲ್ಲ ಪಾತ್ರೆ ಇಡ್ಬೇಕು. ನಾಲ್ಕು ಹಂಚು ಕೇಳ್ಕೊಂಡು ಯಾರ್ಡಿಗೆ ಬರ್ಲಿಕ್ಕೆ ಅವ್ರಿಗೆ ನಾಚಿಕೆ, ಬಂದ್ರೂ ದುಡ್ಡು ಕೊಡ್ಲಿಕ್ಕೆ ಕಷ್ಟ. ಅದಕ್ಕೆ ಗೇಟಿನ ಹೊರಗೆ ಎಡಗಡೆ ಮೂಲೆಯಲ್ಲಿ ಹಂಚು ಪೇರಿಸಿ ಇಡ್ತೇವೆ, ಮೂಲೆ ಚಕ್ಕೆ ಎದ್ದದ್ದು, ಅಚ್ಚು ಅಳಿಸಿದ್ದು, ಆದ್ರೆ ನೀರು ಸೋರದ್ದು. ಯಾರು ಬೇಕಾದ್ರೂ ತಗೊಂಡು ಹೋಗ್ಬಹುದು, ಕೇಳ್ಬೇಕಂತ ಇಲ್ಲ, ಬೋರ್ಡೂ ಇಲ್ಲ. ಒಮ್ಮೆ ಒಬ್ಬ ರಿಕ್ಷಾ ತಂದು ಎಂಬತ್ತು ಹಂಚು ತುಂಬಿಸ್ಕೊಂಡು ಹೋಗಿ ಮಾರಿದ, ನಂಗೆ ಸಿಟ್ಟು ಬಂದು ಮೂಲೆ ಬಂದ್ ಮಾಡ್ತೇನೆ ಅಂದೆ. ಹೆಂಡತಿ ಕೇಳಿದ್ಳು, ಹೊಲದ ಮೂಲೆಲಿ ಬೋವಜ ವಾಚ್‌ಮನ್ ಇಟ್ಟಿದ್ನಾ ಅಂತ. ಬಂದ್ ಮಾಡ್ಲಿಲ್ಲ.

ಇದೇ ವಿಷಯ ಒಂದು ದಿನ ಚಾ ಕುಡಿಯುವಾಗ ಲಿಂಗಸುಗೂರು ಕಡೆಯ ನಮ್ಮ ಹಿರಿಯ ಕೆಲಸದವ್ರಿಗೆ ಹೇಳಿದೆ. ಅವ್ರು, ನಮ್ಮ ಕಡೆ ಆಯ್ದಕ್ಕಿ ಮಾರಯ್ಯ ಅಂತ ಇದ್ರಲ್ರಿ, ಅಂದ್ರು. ಕಲ್ಯಾಣದಲ್ಲಿ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡೋದೇ ಅವ್ರ ಕಾಯಕ, ಒಂದು ದಿನ ದಿನಕ್ಕಿಂತ ಜಾಸ್ತಿ ತಂದಾಗ ಹೆಂಡತಿ ಲಕ್ಕಮ್ಮ ಇಷ್ಟೇಕೆ ತಂದೆ, ಹೆಚ್ಚಿನದ್ದನ್ನ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದ್ಳು. ನಂಗೆ ಹೆಸ್ರು ಗೊತ್ತಿತ್ತು, ಕತೆ ಪೂರ್ತಿ ಗೊತ್ತಿರ್ಲಿಲ್ಲ. ಬೋವಜನ ಕತೆ ಬೀಳಿಸುವವನದ್ದು, ಲಕ್ಕಮ್ಮಂದು ಹೆಕ್ಕುವವ್ರದ್ದು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ್ರೆ ಆ ಮೂಲೆ ನಂಗೆ ಬೇರೆ ಥರ ಕಾಣ್ತದೆ. ನಮ್ಮ ಯಾರ್ಡಲ್ಲಿ ನಾನೊಬ್ನೇ ಕ್ರೈಸ್ತ, ಉಳಿದವ್ರು ಹಿಂದೂಗಳು, ಇಬ್ರು ಮುಸ್ಲಿಮ್ರು, ನಾನು ಅವ್ರಿಗೆ ಬೋಧನೆ ಮಾಡೋದಿಲ್ಲ. ಗಾಡಿ ಮೇಲೆ ವಚನ ಬರೆಸ್ಬೇಕಂತ ಶುರುವಿನಲ್ಲಿ ಆಸೆ ಇತ್ತು, ಅಪ್ಪ ಬೇಡ ಅಂದ್ರು, ಗಾಡಿಲಿ ಒಡೆದ ಹಂಚು ಹೋದ್ರೆ ಬೈಗುಳ ವಚನಕ್ಕೆ ಬೀಳ್ತದೆ ಅಂತ.

ಪತ್ತನಾಜೆಗೆ ಇನ್ನು ಹನ್ನೊಂದು ದಿನ. ನಿನ್ನೆ ಸಂಜೆ ಗಾಳಿ ಮಳೆ ಜೋರಾಗಿ ಬಂತು, ಇವತ್ತು ಬೆಳಿಗ್ಗೆ ನೋಡಿದ್ರೆ ಗೇಟಿನ ಮೂಲೆ ಖಾಲಿ, ಮಣ್ಣಲ್ಲಿ ಸೈಕಲ್ ಟಯರಿನ ಗುರುತು, ಚಿಕ್ಕ ಮಗುವಿನ ಚಪ್ಪಲಿ ಗುರುತು. ನಾಳೆ ನಲವತ್ತು ಹಂಚು ಹೊರಗಿಡಿ ಅಂತ ಹುಡುಗ್ರಿಗೆ ಹೇಳಿದ್ದೇನೆ, ಚಕ್ಕೆ ಎದ್ದದ್ರ ಮಧ್ಯೆ ಟಣ್ ಅನ್ನೋದು ಹತ್ತಾದ್ರೂ ಸೇರಿಸಿ ಅಂತ.